ಅಂಗಡಿಯ ಬಿಲ್ ಪುಟ ರಿಪೇರಿ: ಹ್ಯಾಂಡ್ಲರ್ ಮುಗಿದ ಮೇಲೆ ಓಡಬೇಕಾದ ಕೋಡು

ಗಾಂಧಿಬಜಾರಿನ ಮಗ್ಗುಲಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಸೋದರಮಾವನ ಕುರುಕಲು ತಿಂಡಿ ಅಂಗಡಿ ಇದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರದ ಅವಲಕ್ಕಿ. ಮಾವ ತೂಗಿ ಕಟ್ಟುತ್ತಾರೆ, ಅತ್ತೆ ಬಿಲ್ ಹಾಕುತ್ತಾರೆ. ಬಿಲ್ಲಿಗೆ ನಾನು ಬರೆದುಕೊಟ್ಟ ವೆಬ್ ಪುಟ ಇದೆ: ಒಂದೇ ಎಚ್‌ಟಿಎಂಎಲ್ ಕಡತ, ಫ್ರೇಮ್‌ವರ್ಕ್ ಏನೂ ಇಲ್ಲ, ನೆಟ್ ಹೋದರೂ ನಡೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ತಿಂಡಿಯ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಾಗ ದರ ತಿದ್ದಲೆಂದು ಕಡತ ತೆರೆದೆ. ದರ ತಿದ್ದುವುದು ಎರಡು ಸಾಲಿನ ಕೆಲಸ. ಅಷ್ಟರಲ್ಲಿ ಅತ್ತೆ, "ಹೇಗೂ ಕೂತಿದ್ದೀಯಲ್ಲ, ಇವನ್ನೂ ನೋಡು" ಅಂತ ಹಳೆಯ ಬಿಲ್ಲಿನ ಹಿಂದೆ ಬರೆದಿಟ್ಟಿದ್ದ ದೂರುಗಳ ಪಟ್ಟಿ ಕೊಟ್ಟರು:

– ‘ಹೊಸ ಬಿಲ್’ ಒತ್ತಿದರೂ ಹಳೆಯ ಮೊತ್ತ ಹೋಗುವುದಿಲ್ಲ.
– ತೂಕ 250 ಹಾಕಿದರೆ 25ಕ್ಕೆ ಲೆಕ್ಕ ಬರುತ್ತದೆ.
– ಸ್ಕ್ಯಾನರ್ ಹಿಡಿದರೆ ಬರೆದದ್ದೆಲ್ಲ ಮಾಯ.
– ‘ತಿಂಗಳ ಲೆಕ್ಕ’ ಒತ್ತಿದರೆ ಪರದೆ ಕಲ್ಲಾಗುತ್ತದೆ, ‘ಸ್ವಲ್ಪ ತಾಳಿ’ ಅನ್ನುವ ಸಾಲು ಕಾಣುವುದೇ ಇಲ್ಲ.

ನಾಲ್ಕೂ ಬೇರೆ ಬೇರೆ ಕಾಯಿಲೆ ಅಂದುಕೊಂಡು ಶುರು ಮಾಡಿದೆ. ಬೇರು ಒಂದೇ ಆಗಿತ್ತು. ಗುಂಡಿ ಒತ್ತಿದ್ದು, ಕೀ ಒತ್ತಿದ್ದು, ಇಂಥ ಘಟನೆ (ಈವೆಂಟ್) ನಡೆದಾಗ ಬ್ರೌಸರ್ ಕರೆಯುವ ಕೋಡು ಈವೆಂಟ್ ಹ್ಯಾಂಡ್ಲರ್. ಅದರ ಒಳಗೆ ನಾನು ಇಟ್ಟಿದ್ದ ಕೆಲಸ, ಹ್ಯಾಂಡ್ಲರ್ ಮುಗಿದು ಇನ್ನೇನೋ ಒಂದು ಆದ ಮೇಲೆ ನಡೆಯಬೇಕಿತ್ತು. ಆ ಇನ್ನೇನೋ ಒಂದು ನಾಲ್ಕು ಕಡೆಯೂ ಬೇರೆ.

ಸಾಮಾನು ಮತ್ತು ಖರ್ಚು

ಹಳೆಯ ಲ್ಯಾಪ್‌ಟಾಪ್, ವಿಂಡೋಸ್ 7, 4 ಜಿಬಿ ರ‍್ಯಾಮ್. ಆ ವಿಂಡೋಸಿಗೆ ಕ್ರೋಮ್ 109ರ ಆಚೆ ಹೊಸದು ಬರುವುದಿಲ್ಲ. ಕೊನೆಯ ಹಂತದಲ್ಲಿ ಇದು ಕಾಡಿತು. ಮಾವನ ಕೈಯಲ್ಲಿ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್. ಎಸ್.ಪಿ. ರಸ್ತೆಯಲ್ಲಿ ಕೊಂಡ ಥರ್ಮಲ್ ಪ್ರಿಂಟರ್ 2,400 ರೂ. (58 ಮಿ.ಮೀ. ಕಾಗದ, ಅಚ್ಚಾಗುವುದು 48 ಮಿ.ಮೀ. ಅಗಲ), ಅಲ್ಲೇ ಕೊಂಡ ಬಾರ್‌ಕೋಡ್ ಸ್ಕ್ಯಾನರ್ 1,350 ರೂ. ಈ ಸಲದ ರಿಪೇರಿಗೆ ಕೈಯಿಂದ ಹೋದದ್ದು ಒಂದು ಯುಎಸ್‌ಬಿ ವೈರಿನ 80 ರೂ. ಮಾತ್ರ, ಅದೂ ಕೋಡಿಗೆ ಸಂಬಂಧವಿಲ್ಲ, ಇಲಿ ಕಡಿದಿತ್ತು.

ಫಂಕ್ಷನ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ: ಒಟ್ಟುಹಾಕು, ಹುಡುಕು, ಚೀಟಿಬರೆ. ಜಾವಾಸ್ಕ್ರಿಪ್ಟ್ ಇದಕ್ಕೆ ತಕರಾರು ತೆಗೆಯುವುದಿಲ್ಲ. ಬೇರೆಯವರು ಓದಬೇಕಾದ ಕಡತವಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ಹಂತ 1: ‘ಹೊಸ ಬಿಲ್’ ಗುಂಡಿ

ಹೆಚ್ಚು ಹೊತ್ತು ತಿಂದದ್ದು ಇದೇ. ಗುಂಡಿಯ ಟೈಪ್ ರಿಸೆಟ್. ಒತ್ತಿದರೆ ಖಾನೆಗಳು ಖಾಲಿಯಾಗುತ್ತಿದ್ದವು, ಕೆಳಗಿನ ಒಟ್ಟು ಮೊತ್ತ ಮಾತ್ರ ಹಿಂದಿನ ಗಿರಾಕಿಯದೇ. ಅತ್ತೆ ಅದನ್ನೇ ಓದಿ ಹೇಳಿ, ನೂರು ಗ್ರಾಂ ಚಕ್ಕುಲಿಗೆ 340 ರೂಪಾಯಿಯಾ ಅಂತ ಒಬ್ಬರು ರೇಗಿಯೂ ಹೋಗಿದ್ದಾರೆ.

ಫಾರ್ಮಿನ ರಿಸೆಟ್ ಈವೆಂಟಿಗೆ ಹ್ಯಾಂಡ್ಲರ್ ಕಟ್ಟಿ, ಒಳಗೆ ಒಟ್ಟುಹಾಕು() ಕರೆದಿದ್ದೆ. ಒಟ್ಟುಹಾಕು ಖಾನೆಗಳನ್ನು ಓದಿ ಕೂಡಿಸುತ್ತದೆ. ತೊಂದರೆ ಏನೆಂದರೆ ರಿಸೆಟ್ ಈವೆಂಟ್ ಬರುವುದು ಖಾನೆಗಳು ಖಾಲಿಯಾಗುವ ಮೊದಲು. ಯಾರಾದರೂ ಪ್ರಿವೆಂಟ್‌ಡೀಫಾಲ್ಟ್ (ಬ್ರೌಸರ್ ತಾನಾಗಿ ಮಾಡುವ ಕೆಲಸ ಬೇಡ ಅನ್ನುವ ಆಜ್ಞೆ) ಹೇಳಿ ತಡೆಯುತ್ತಾರೋ ಅಂತ ನೋಡಿ, ಯಾರೂ ತಡೆಯದಿದ್ದರೆ ಆಮೇಲೆ ಬ್ರೌಸರ್ ಖಾಲಿ ಮಾಡುತ್ತದೆ. ಹಾಗಾಗಿ ನನ್ನ ಫಂಕ್ಷನ್ ಹಳೆಯ ಅಂಕಿಗಳನ್ನೇ ಮತ್ತೊಮ್ಮೆ ಶ್ರದ್ಧೆಯಿಂದ ಕೂಡಿಸಿಡುತ್ತಿತ್ತು.

ಮೊದಲ ಮದ್ದು ಪ್ರಾಮಿಸ್, ಅಂದರೆ ಒಂದು ಕೆಲಸವನ್ನು ‘ಆಮೇಲೆ ಮಾಡು’ ಅಂತ ಒಪ್ಪಿಸುವ ಜಾವಾಸ್ಕ್ರಿಪ್ಟಿನ ಒಂದು ವಿಧಾನ. ಹ್ಯಾಂಡ್ಲರ್ ಒಳಗೆ ಪ್ರಾಮಿಸ್.ರಿಸಾಲ್ವ್().ದೆನ್(ಒಟ್ಟುಹಾಕು) ಅಂತ ಹಾಕಿದೆ. ಮನೆಯಲ್ಲಿ ಕನ್ಸೋಲಿನಿಂದ (ಬ್ರೌಸರಿನಲ್ಲೇ ಕೋಡು ಬರೆದು ನೋಡುವ ಕಿಟಕಿ) ಫಾರ್ಮ್.ರಿಸೆಟ್() ಕರೆದು ನೋಡಿದೆ. ಒಟ್ಟು ಸೊನ್ನೆ. ಕಡತ ಅಂಗಡಿಗೆ ಕಳಿಸಿದೆ. ಬೆಳಿಗ್ಗೆ ಅತ್ತೆಯ ಫೋನು: "ಏನೂ ಸರಿಹೋಗಿಲ್ಲ ಕಣೋ, ಅದೇ ಹಳೇ ದುಡ್ಡು ತೋರಿಸ್ತಿದೆ." ಕಡತ ಹಳೆಯದೇ ಉಳಿದಿರಬೇಕು, ಕಂಟ್ರೋಲ್ ಎಫ್5 ಒತ್ತಿ ಅಂದೆ. ಒತ್ತಿದರು. ಅದೇ. ಅಂಗಡಿಗೆ ಹೋಗಿ ನೋಡಿದರೆ ಕನ್ಸೋಲಿನಿಂದ ಕರೆದಾಗ ಸೊನ್ನೆ, ಮೌಸಿನಿಂದ ಒತ್ತಿದಾಗ 340. ಅದೇ ಕಡತ, ಅದೇ ಬ್ರೌಸರ್.

ಬಿಲ್ ಪುಟ ಬದಿಗಿಟ್ಟು ಒಂದು ಪರೀಕ್ಷೆಯ ಪುಟ ಮಾಡಿದೆ. ಒಂದೇ ಗುಂಡಿ, ಅದಕ್ಕೆ ಎರಡು ಕ್ಲಿಕ್ ಲಿಸನರ್ (ಹ್ಯಾಂಡ್ಲರಿನದೇ ಇನ್ನೊಂದು ಹೆಸರು). ಪ್ರತಿಯೊಂದೂ ತನ್ನ ಹೆಸರು ಬರೆಯುತ್ತದೆ, ಒಂದು ಪ್ರಾಮಿಸ್ ಹಚ್ಚುತ್ತದೆ, ಒಂದು ಸೊನ್ನೆ ಟೈಮರ್ (ಸೊನ್ನೆ ಮಿಲಿಸೆಕೆಂಡಿನ ನಂತರ ಓಡು ಅನ್ನುವ ಸೂಚನೆ) ಹಚ್ಚುತ್ತದೆ. ಮೌಸಿನಿಂದ ಒತ್ತಿದಾಗ ಕನ್ಸೋಲಿನಲ್ಲಿ ಬಂದದ್ದು:

ಲಿಸನರ್ 1 → ಪ್ರಾಮಿಸ್ 1 → ಲಿಸನರ್ 2 → ಪ್ರಾಮಿಸ್ 2 → ಟೈಮರ್ 1 → ಟೈಮರ್ 2

ಕನ್ಸೋಲಿನಿಂದ ಗುಂಡಿ.ಕ್ಲಿಕ್() ಕರೆದಾಗ:

ಲಿಸನರ್ 1 → ಲಿಸನರ್ 2 → ಪ್ರಾಮಿಸ್ 1 → ಪ್ರಾಮಿಸ್ 2 → ಟೈಮರ್ 1 → ಟೈಮರ್ 2

ಇಷ್ಟು ನೋಡಿದ ಮೇಲೆ ಎಲ್ಲ ತಿಳಿಯಾಯಿತು. ಪ್ರಾಮಿಸಿನ ದೆನ್ ಮೈಕ್ರೋಟಾಸ್ಕ್, ಅಂದರೆ ಸಾಲಿನಲ್ಲಿ ಕಾಯದೆ ನಡುವೆ ನುಗ್ಗುವ ಚಿಕ್ಕ ಕೆಲಸ. ಜಾವಾಸ್ಕ್ರಿಪ್ಟಿನ ಕರೆಗಳೆಲ್ಲ ಮುಗಿದು ಸ್ಟ್ಯಾಕ್ (ನಡೆಯುತ್ತಿರುವ ಕರೆಗಳ ಪಟ್ಟಿ) ಖಾಲಿಯಾದ ಕ್ಷಣವೇ ಅದು ಓಡುತ್ತದೆ. ಮನುಷ್ಯ ಗುಂಡಿ ಒತ್ತಿದಾಗ ನನ್ನ ಲಿಸನರ್ ಮುಗಿದ ಕೂಡಲೇ ಸ್ಟ್ಯಾಕ್ ಖಾಲಿ, ಏಕೆಂದರೆ ಅದನ್ನು ಕರೆದದ್ದು ಬ್ರೌಸರ್, ನನ್ನ ಕೋಡಲ್ಲ. ಹಾಗಾಗಿ ಮೈಕ್ರೋಟಾಸ್ಕ್ ಈವೆಂಟಿನ ನಡುವೆಯೇ ನುಗ್ಗುತ್ತದೆ, ಖಾನೆ ಖಾಲಿಯಾಗುವ ಮೊದಲೇ. ಕನ್ಸೋಲಿನಿಂದ ಫಾರ್ಮ್.ರಿಸೆಟ್() ಕರೆದಾಗಲೋ, ಆ ಕರೆ ಸ್ಟ್ಯಾಕಿನಲ್ಲಿ ಇನ್ನೂ ಕೂತಿರುತ್ತದೆ; ಖಾನೆಗಳು ಖಾಲಿಯಾಗಿ ಅದು ವಾಪಸು ಬರುವವರೆಗೆ ಪ್ರಾಮಿಸ್ ಕಾಯಲೇಬೇಕು. ನಾನು ಪರೀಕ್ಷೆ ಮಾಡಿದ ದಾರಿಯೇ ಬೇರೆ, ಅತ್ತೆ ಬಳಸುವ ದಾರಿಯೇ ಬೇರೆ. ಮೈಕ್ರೋಟಾಸ್ಕನ್ನು ನೇರವಾಗಿ ಹಚ್ಚುವ ಕ್ಯೂಮೈಕ್ರೋಟಾಸ್ಕ್ ಹಾಕಿದರೂ ಇದೇ ಫಲ.

ದರ್ಶಿನಿಯಲ್ಲಿ ಹೊಸ ಟೋಕನ್ ಹಿಡಿದು ಸಾಲಿನ ಕೊನೆಗೆ ನಿಲ್ಲುವವನು ಟೈಮರ್. ತಟ್ಟೆ ಹಿಡಿದು ಕೌಂಟರಿನಲ್ಲೇ ನಿಂತು ‘ಇನ್ನೊಂಚೂರು ಚಟ್ನಿ’ ಅನ್ನುವವನು ಪ್ರಾಮಿಸ್.

ಎರಡನೆಯ ಮದ್ದು ಸೆಟ್‌ಟೈಮ್‌ಔಟ್(ಒಟ್ಟುಹಾಕು, 0). ಇದು ಹೊಸ ಟಾಸ್ಕ್, ಅಂದರೆ ಬ್ರೌಸರಿನ ಸಾಲಿನಲ್ಲಿ ಕಾಯುವ ಬೇರೆಯೇ ಕೆಲಸ. ಈಗಿನ ಈವೆಂಟ್, ಅದರ ಎಲ್ಲ ಲಿಸನರ್‌ಗಳು, ಬ್ರೌಸರ್ ತಾನಾಗಿ ಮಾಡುವ ಕೆಲಸ, ಎಲ್ಲ ಮುಗಿದ ಮೇಲೆ ಓಡುತ್ತದೆ. ಮೌಸಿನಿಂದ ಒತ್ತಿದರೂ ಕನ್ಸೋಲಿನಿಂದ ಕರೆದರೂ ಸೊನ್ನೆ ಬಂತು. ಇಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ಕೊನೆಗೆ ಅದನ್ನೂ ಇಟ್ಟುಕೊಳ್ಳಲಿಲ್ಲ. ಗುಂಡಿಯ ಟೈಪ್ ಅನ್ನು ಬಟನ್ ಮಾಡಿ, ಕ್ಲಿಕ್ ಹ್ಯಾಂಡ್ಲರ್ ಒಳಗೆ ಫಾರ್ಮ್.ರಿಸೆಟ್() ಕರೆದು, ಅದರ ಮುಂದಿನ ಸಾಲಿನಲ್ಲಿ ಒಟ್ಟುಹಾಕು() ಬರೆದೆ. ಕೋಡಿನಿಂದ ಕರೆದ ರಿಸೆಟ್ ಖಾನೆಗಳನ್ನು ಖಾಲಿ ಮಾಡಿಯೇ ವಾಪಸು ಬರುತ್ತದೆ. ಕಾಯುವ ಪ್ರಶ್ನೆಯೇ ಇಲ್ಲ. ಮೇಲಿನಿಂದ ಕೆಳಗೆ ಓದಿದರೆ ಅರ್ಥವಾಗುವ ಎರಡು ಸಾಲು, ಟೈಮರ್ ಹಾಕಿದ್ದು ಏಕೆ ಅಂತ ವಿವರಿಸುವ ಕಾಮೆಂಟಿಗಿಂತ ನನಗೆ ಮೇಲು. ಒಂದು ಗಮನಿಸಬೇಕು: ರಿಸೆಟ್ ಅಂದರೆ ಖಾಲಿಯೇ ಆಗಬೇಕೆಂದಿಲ್ಲ, ಎಚ್‌ಟಿಎಂಎಲ್‌ನಲ್ಲಿ ಬರೆದ ಮೊದಲ ಬೆಲೆಗೆ ಮರಳುತ್ತದೆ. ಪ್ಯಾಕೆಟ್ ಸಂಖ್ಯೆಯ ಖಾನೆ 1ಕ್ಕೆ ಮರಳಬೇಕಿತ್ತು, ಹಾಗೇ ಮರಳಿತು.

ಹಂತ 2: ತೂಕದ ಖಾನೆ

ಹ್ಯಾಂಡ್ಲರ್ ಇದ್ದದ್ದು ಕೀಡೌನ್ ಮೇಲೆ. ಕೀ ಒತ್ತಿದ ಸುದ್ದಿ ಮೊದಲು ಬರುತ್ತದೆ, ಅಕ್ಷರ ಖಾನೆಗೆ ಬೀಳುವುದು ಆಮೇಲೆ. 2, 5, 0 ಒತ್ತಿದರೆ ಮೂರನೆಯ ಕೀಡೌನ್‌ನಲ್ಲಿ ಖಾನೆಯೊಳಗೆ ಇರುವುದು 25. ಇಷ್ಟು ದಿನ ಇದು ದೊಡ್ಡದಾಗದೆ ಉಳಿದದ್ದು ಹೇಗೆ ಅಂತ ನೋಡಿದರೆ, ಅತ್ತೆ ತೂಕ ಬರೆದು ಟ್ಯಾಬ್ ಒತ್ತುತ್ತಿದ್ದರು. ಆ ಟ್ಯಾಬಿನ ಕೀಡೌನ್‌ನಲ್ಲಿ 250 ಸರಿಯಾಗಿ ಸಿಕ್ಕಿ ಲೆಕ್ಕ ತಾನಾಗಿ ತಿದ್ದಿಕೊಳ್ಳುತ್ತಿತ್ತು. ಮಾವ ಟ್ಯಾಬ್ ಒತ್ತುವುದಿಲ್ಲ, ಮೌಸ್ ಹಿಡಿಯುತ್ತಾರೆ. ಅವರು ಹಾಕಿದ ಬಿಲ್ಲುಗಳಲ್ಲೇ ತಪ್ಪು ಬೀಳುತ್ತಿತ್ತು, ಮನೆಯಲ್ಲಿ ಅದಕ್ಕೆ ಬೇರೆಯೇ ಕಾರಣ ಹೇಳಲಾಗುತ್ತಿತ್ತು.

ಇಲ್ಲೂ ಸೊನ್ನೆ ಟೈಮರ್ ಹಾಕಿದರೆ ಲ್ಯಾಪ್‌ಟಾಪಿನಲ್ಲಿ ಸರಿಹೋಗುತ್ತದೆ. ಆದರೆ ಮೌಸಿನಿಂದ ಪೇಸ್ಟ್ ಮಾಡಿದರೆ ಕೀಡೌನೇ ಬರುವುದಿಲ್ಲ. ಟ್ಯಾಬ್ಲೆಟ್ಟಿನ ಕೀಬೋರ್ಡಿನಲ್ಲಿ ಯಾವ ಅಕ್ಷರ ಒತ್ತಿದರೂ ಕೀಡೌನ್ ಕೊಡುವ ಕೀಕೋಡ್ (ಯಾವ ಕೀ ಅನ್ನುವ ಸಂಖ್ಯೆ) ಹೆಚ್ಚಿನ ಸಲ 229, ಅದರಿಂದ ಏನೂ ತಿಳಿಯುವುದಿಲ್ಲ. ಇನ್‌ಪುಟ್ ಈವೆಂಟಿಗೆ ಬದಲಾಯಿಸಿದೆ. ಅದು ಬರುವ ಹೊತ್ತಿಗೆ ಖಾನೆಯ ಬೆಲೆ ಬದಲಾಗಿಯೇ ಇರುತ್ತದೆ. ಒಂದು ಪದ ತಿದ್ದಿದ್ದಷ್ಟೇ.

ತಿಂಡಿಯ ಹೆಸರು ಹುಡುಕುವ ಖಾನೆಯನ್ನೂ ಇನ್‌ಪುಟ್‌ಗೆ ತಂದೆ, ಅಲ್ಲಿ ಕನ್ನಡ ತನ್ನದೇ ಆಟ ತೋರಿಸಿತು. ಇಂಗ್ಲಿಷ್ ಕೀ ಒತ್ತಿ ಕನ್ನಡ ಮೂಡಿಸುವ ಕೀಬೋರ್ಡಿನಲ್ಲಿ ‘ನಿಪ್ಪಟ್ಟು’ ಬರೆಯಲು ಮೊದಲ ಕೀ ಒತ್ತಿದಾಗ ಬೀಳುವುದು ‘ನ್’. ಅದರಿಂದ ಶುರುವಾಗುವ ತಿಂಡಿ ಯಾವುದೂ ಇಲ್ಲ, ಪಟ್ಟಿ ಖಾಲಿ. ಎರಡನೆಯ ಕೀಗೆ ‘ನಿ’, ಪಟ್ಟಿ ವಾಪಸು. ಅತ್ತೆಗೆ ಇದು ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು. ಅಕ್ಷರ ಕಟ್ಟುವುದು ಮುಗಿದ ಮೇಲೆ ಹುಡುಕೋಣ ಅಂತ ಕಂಪೋಸಿಶನ್‌ಎಂಡ್ ಈವೆಂಟಿಗೆ ಕಾದು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಯಿತು, ಟ್ಯಾಬ್ಲೆಟ್ಟಿನಲ್ಲಿ ಕೆಟ್ಟಿತು: ಅಲ್ಲಿ ಇಡೀ ಪದ ಮುಗಿದು ಸ್ಪೇಸ್ ಒತ್ತುವವರೆಗೆ ಕಂಪೋಸಿಶನ್ ಮುಗಿಯುವುದಿಲ್ಲ, ಪಟ್ಟಿ ಅಲುಗಾಡಲಿಲ್ಲ.

ಕಾಯುವುದನ್ನು ಕೈಬಿಟ್ಟು ಹುಡುಕುವುದನ್ನೇ ತಿದ್ದಿದೆ. ಬರೆದದ್ದರ ಕೊನೆಯಲ್ಲಿ ಅರ್ಧಾಕ್ಷರದ ಗುರುತು ಇದ್ದರೆ ಕಿತ್ತುಹಾಕಿ, ಎರಡೂ ಕಡೆಯ ಪದವನ್ನು ನಾರ್ಮಲೈಸ್ ಮಾಡಿ ಎನ್‌ಎಫ್‌ಡಿ (ಅಕ್ಷರವನ್ನು ಬಿಡಿ ತುಂಡುಗಳಾಗಿಸಿದ) ರೂಪಕ್ಕೆ ತಂದು ಹೋಲಿಸಿದೆ. ಯೂನಿಕೋಡಿನಲ್ಲಿ ‘ಕೋ’ ಬಿಡಿಸಿದರೆ ‘ಕೊ’ದ ತುಂಡುಗಳು, ಮೇಲೆ ಒಂದು ದೀರ್ಘದ ಗುರುತು. ಹಾಗಾಗಿ ‘ಕೊ’ ಬರೆದಾಗಲೇ ಕೋಡುಬಳೆ ಸಿಗುತ್ತದೆ. ಇದಕ್ಕೂ ಹ್ಯಾಂಡ್ಲರಿಗೂ ಸಂಬಂಧವಿಲ್ಲ, ಆದರೂ ಈ ಇಡೀ ರಿಪೇರಿಯಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಸಾಲು ಅದು.

ಹಂತ 3: ಸ್ಕ್ಯಾನರ್

ಈ ಸ್ಕ್ಯಾನರ್ ಕಂಪ್ಯೂಟರಿನ ಕಣ್ಣಿಗೆ ಒಂದು ಕೀಬೋರ್ಡ್. ಅಂಕಿಗಳನ್ನು ಬಡಬಡ ಒತ್ತಿ ಕೊನೆಗೆ ಎಂಟರ್ ಒತ್ತುತ್ತದೆ. ಎಂಟರ್ ಬಿದ್ದರೆ ಫಾರ್ಮ್ ಸಬ್ಮಿಟ್, ಸಬ್ಮಿಟ್ ಆದರೆ ಪುಟ ಮತ್ತೆ ತೆರೆದುಕೊಂಡು ಅಲ್ಲಿಯವರೆಗೆ ಬರೆದದ್ದೆಲ್ಲ ಹೋಯಿತು. ತಡೆಯಲು ಪ್ರಿವೆಂಟ್‌ಡೀಫಾಲ್ಟ್ ಹಾಕಿಯೇ ಇದ್ದೆ. ಮೊದಮೊದಲು ಕೆಲಸವೂ ಮಾಡುತ್ತಿತ್ತು.

ಹ್ಯಾಂಡ್ಲರಿನ ಕ್ರಮ ಹೀಗಿತ್ತು: ಅವೇಟ್ ಹುಡುಕು(ಸಂಖ್ಯೆ), ಅಂದರೆ ಹುಡುಕಿದ ಉತ್ತರ ಬಂದ ಮೇಲೆ ಮುಂದಿನ ಸಾಲಿಗೆ ಹೋಗು; ತಿಂಡಿ ಸಿಕ್ಕಿದರೆ ಪ್ರಿವೆಂಟ್‌ಡೀಫಾಲ್ಟ್, ಆಮೇಲೆ ಸಾಲು ಸೇರಿಸು. ಮೊದಲು ದರಪಟ್ಟಿ ಕಡತದೊಳಗೇ ಇತ್ತು. ಬೆಲೆ ತಾನೇ ತಿದ್ದಬೇಕು ಅಂತ ಮಾವ ಕೇಳಿದ ಮೇಲೆ ಅದನ್ನು ಬ್ರೌಸರಿನೊಳಗಿನ ದತ್ತಸಂಗ್ರಹವಾದ ಇಂಡೆಕ್ಸ್‌ಡ್‌ಡಿಬಿಗೆ ಸಾಗಿಸಿದ್ದೆ. ಕೆಟ್ಟದ್ದು ಅಲ್ಲಿಂದ. ಹಂತ 1ರ ಪರೀಕ್ಷೆ ಮಾಡದಿದ್ದರೆ ಇದರ ತಲೆಬುಡ ನನಗೆ ಹತ್ತುತ್ತಿರಲಿಲ್ಲ. ಉತ್ತರ ಕೈಯಲ್ಲೇ ಇದ್ದಾಗ ಅವೇಟ್ ಆದ ಮೇಲಿನ ಭಾಗ ಮೈಕ್ರೋಟಾಸ್ಕಾಗಿ ಓಡುತ್ತಿತ್ತು. ನಿಜವಾದ ಎಂಟರ್ ಬಿದ್ದಾಗ ಮೈಕ್ರೋಟಾಸ್ಕ್ ಈವೆಂಟಿನ ನಡುವೆಯೇ ನುಗ್ಗುವುದರಿಂದ, ಫಾರ್ಮ್ ಹೊರಡುವ ಮೊದಲೇ ತಡೆ ಬೀಳುತ್ತಿತ್ತು. ಇಂಡೆಕ್ಸ್‌ಡ್‌ಡಿಬಿಯ ಉತ್ತರ ಬರುವುದು ಮುಂದೆ ಯಾವುದೋ ಟಾಸ್ಕಿನಲ್ಲಿ. ಅಷ್ಟರಲ್ಲಿ ಈವೆಂಟ್ ಮುಗಿದು ಫಾರ್ಮ್ ಹೊರಟಾಗಿದೆ. ಆಗ ಪ್ರಿವೆಂಟ್‌ಡೀಫಾಲ್ಟ್ ಕರೆದರೆ ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ, ಉಪಯೋಗವೂ ಇಲ್ಲ. ಅಂದರೆ ಹಳೆಯ ಕೋಡು ಸರಿ ಇದ್ದು ಆಮೇಲೆ ಹಾಳಾದದ್ದಲ್ಲ, ಮೊದಲಿನಿಂದಲೂ ಅದೃಷ್ಟದ ಮೇಲೆ ನಡೆಯುತ್ತಿತ್ತು.

ತಿದ್ದಿದ್ದು: ಪ್ರಿವೆಂಟ್‌ಡೀಫಾಲ್ಟ್ ಮೊದಲ ಸಾಲಿಗೆ, ಯಾವ ಷರತ್ತೂ ಇಲ್ಲದೆ. ಎರಡನೆಯ ಸಾಲಿನಲ್ಲಿ ಈವೆಂಟಿನ ಕರೆಂಟ್‌ಟಾರ್ಗೆಟ್ (ಹ್ಯಾಂಡ್ಲರ್ ಕಟ್ಟಿರುವ ಪುಟದ ಭಾಗ) ಅನ್ನು ಒಂದು ಕಾನ್ಸ್ಟ್‌ಗೆ, ಅಂದರೆ ಬದಲಾಗದ ಹೆಸರಿಗೆ, ಎತ್ತಿಟ್ಟುಕೊಂಡೆ, ಏಕೆಂದರೆ ಈವೆಂಟ್ ಮುಗಿದ ಮೇಲೆ ಅದು ನಲ್ (ಏನೂ ಇಲ್ಲ) ಆಗುತ್ತದೆ. ಅವೇಟ್ ಮೂರನೆಯದು. ಈ ಹಂತಕ್ಕೆ ಕೋಡು ತಿದ್ದಲು ಹಿಡಿದದ್ದಕ್ಕಿಂತ ಸ್ಕ್ಯಾನರಿನ ಕೈಪಿಡಿಯಲ್ಲಿ ಎಂಟರ್ ತೆಗೆಯುವ ಬಾರ್‌ಕೋಡ್ ಹುಡುಕಿದ್ದೇ ಹೆಚ್ಚು ಹೊತ್ತು. ಅದು ಬೇಕಾಗಲೂ ಇಲ್ಲ.

ಹಂತ 4: ‘ಸ್ವಲ್ಪ ತಾಳಿ’

‘ತಿಂಗಳ ಲೆಕ್ಕ’ ಒತ್ತಿದಾಗ ನಾಲ್ಕು ಸಾವಿರದ ಹತ್ತಿರ ಬಿಲ್ಲುಗಳನ್ನು ಓದಿ ತಿಂಡಿವಾರು ಕೂಡಿಸಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಮೂರು ಸೆಕೆಂಡಿನ ಹತ್ತಿರ. ಮೊದಲ ಸಾಲಿನಲ್ಲೇ ‘ಸ್ವಲ್ಪ ತಾಳಿ’ ಅಂತ ಪುಟಕ್ಕೆ ಬರೆಯುತ್ತೇನೆ, ಆದರೆ ಅದು ಯಾರಿಗೂ ಕಂಡಿಲ್ಲ. ಹ್ಯಾಂಡ್ಲರ್ ಓಡುತ್ತಿರುವಾಗ ಬ್ರೌಸರ್ ಪರದೆ ಬಳಿಯುವುದಿಲ್ಲ. ಬರೆದದ್ದೂ ಅಳಿಸಿದ್ದೂ ಆದ ಮೇಲೆ ಒಂದೇ ಸಲ ಬಳಿಯುತ್ತದೆ.

ಇಲ್ಲಿ ಬೇಕಾದದ್ದು ಹ್ಯಾಂಡ್ಲರ್ ಮುಗಿದ ಮೇಲೆ ಅಲ್ಲ, ಪರದೆ ಬಳಿದ ಮೇಲೆ. ಪ್ರಾಮಿಸ್ ದಂಡ, ಮೈಕ್ರೋಟಾಸ್ಕ್ ಬಳಿಯುವ ಮೊದಲೇ ಓಡಿಬಿಡುತ್ತದೆ. ಸೊನ್ನೆ ಟೈಮರ್ ಒಮ್ಮೆ ತೋರಿಸಿತು, ಒಮ್ಮೆ ಇಲ್ಲ. ಪರದೆ ಸೆಕೆಂಡಿಗೆ 60 ಸಲ, ಅಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಬಳಿಯುತ್ತದೆ. ಅದರ ಸರದಿ ಮೊದಲೋ ಟೈಮರಿನ ಸರದಿ ಮೊದಲೋ ಹೇಳಲಾಗದು. ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್ ಹೆಸರು ನೋಡಿ ಇದೇ ಸರಿ ಅಂದುಕೊಂಡೆ. ಅದು ಓಡುವುದು ಬಳಿಯುವುದಕ್ಕೆ ಸ್ವಲ್ಪ ಮೊದಲು, ಆದ್ದರಿಂದ ಅದರೊಳಗೆ ಮೂರು ಸೆಕೆಂಡಿನ ಲೆಕ್ಕ ಹಾಕಿದರೆ ಬಳಿಯುವುದೂ ಮೂರು ಸೆಕೆಂಡು ತಡ. ಕೊನೆಗೆ ನಿಂತದ್ದು ಎರಡರ ಜೋಡಿ: ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್, ಅದರೊಳಗೆ ಸೊನ್ನೆಯ ಸೆಟ್‌ಟೈಮ್‌ಔಟ್, ಅದರೊಳಗೆ ಲೆಕ್ಕ. ಸಾಲು ಕಾಣಿಸಿತು.

ಕಾಣಿಸಿತು, ಆದರೂ ಪರದೆ ಮೂರು ಸೆಕೆಂಡು ಕಲ್ಲೇ. ಲೆಕ್ಕವನ್ನು ತುಂಡು ಮಾಡಬೇಕಾಯಿತು. ಮೊದಲು ಒಂದೊಂದು ಬಿಲ್ಲಿಗೂ ಒಂದೊಂದು ಸೊನ್ನೆ ಟೈಮರ್ ಹಾಕಿದೆ. ಮೂರು ಸೆಕೆಂಡಿನ ಕೆಲಸ ಹದಿನೆಂಟು ಸೆಕೆಂಡಿಗೂ ಮೇಲೆ ಹೋಯಿತು. ಟೈಮರಿನೊಳಗೆ ಟೈಮರ್ ಐದು ಸುತ್ತು ದಾಟಿದರೆ ಬ್ರೌಸರ್ ಸೊನ್ನೆಯನ್ನು ಮನ್ನಿಸುವುದಿಲ್ಲ, ಕನಿಷ್ಠ 4 ಮಿಲಿಸೆಕೆಂಡು ಕಾಯಿಸುತ್ತದೆ. ನಾಲ್ಕು ಸಾವಿರ ಸಲ ನಾಲ್ಕು ಮಿಲಿಸೆಕೆಂಡು ಅಂದರೆ ಬರೀ ಕಾಯುವುದಕ್ಕೇ ಹದಿನಾರು ಸೆಕೆಂಡು. 200 ಬಿಲ್ಲಿನ ತುಂಡು ಮಾಡಿದಾಗ ಪ್ರತಿ ತುಂಡು 150 ಮಿಲಿಸೆಕೆಂಡಿನ ಹತ್ತಿರ. 50 ಬಿಲ್ಲಿಗೆ ಇಳಿಸಿದಾಗ 40ರ ಆಸುಪಾಸು. 50 ಮಿಲಿಸೆಕೆಂಡು ದಾಟಿದ ಕೆಲಸವನ್ನು ಕ್ರೋಮ್ ತನ್ನ ಪರ್ಫಾರ್ಮೆನ್ಸ್ ಹಾಳೆಯಲ್ಲಿ ಕೆಂಪು ಗೆರೆ ಎಳೆದು ತೋರಿಸುತ್ತದೆ, ಅದರ ಕೆಳಗಿರಲಿ ಅಂತ 50ಕ್ಕೇ ಬಿಟ್ಟೆ.

ಇದಕ್ಕೆಂದೇ ಷೆಡ್ಯೂಲರ್.ಯೀಲ್ಡ್ ಅನ್ನುವ ಒಳ್ಳೆಯ ಸೌಲಭ್ಯ ಬಂದಿದೆ, ಆದರೆ ಕ್ರೋಮ್ 129ರಿಂದ. ಅತ್ತೆಯ ಲ್ಯಾಪ್‌ಟಾಪಿನಲ್ಲಿ 109. ಇದ್ದರೆ ಅದನ್ನು ಬಳಸು, ಇಲ್ಲದಿದ್ದರೆ ಟೈಮರ್ ಬಳಸು ಅಂತ ಒಂದು ಚಿಕ್ಕ ಫಂಕ್ಷನ್ ಬರೆದಿಟ್ಟೆ. ಟ್ಯಾಬ್ಲೆಟ್ಟಿಗೆ ಹೊಸದು, ಲ್ಯಾಪ್‌ಟಾಪಿಗೆ ಹಳೆಯದು.

ತುಂಡು ಮಾಡಿದ ಮೇಲೆ ಹೊಸ ತೊಂದರೆ ಎರಡು ಹುಟ್ಟಿದವು. ತುಂಡುಗಳ ನಡುವೆ ಪುಟ ಜೀವಂತ, ಅಂದರೆ ಗುಂಡಿಯೂ ಜೀವಂತ. ಮಾವ ಎರಡು ಸಲ ಒತ್ತಿ, ಎರಡು ಲೆಕ್ಕ ಒಟ್ಟಿಗೆ ಓಡಿ, ಚಕ್ಕುಲಿ ವ್ಯಾಪಾರ ಇಮ್ಮಡಿಯಾಯಿತು. "ಈ ತಿಂಗಳು ಪರವಾಗಿಲ್ಲ ಕಣೋ" ಅಂದರು, ತಪ್ಪೆಂದು ಹೇಳಲು ನನಗೇ ಬೇಜಾರಾಯಿತು. ಈಗ ಹ್ಯಾಂಡ್ಲರಿನ ಮೊದಲ ಸಾಲಿನಲ್ಲೇ ಗುಂಡಿ ನಿಷ್ಕ್ರಿಯವಾಗುತ್ತದೆ, ಕೊನೆಯ ತುಂಡಿನ ನಂತರ ಮತ್ತೆ ಸಕ್ರಿಯ. ನಡುವೆ ದೋಷ ಬಂದರೂ ಸಕ್ರಿಯವಾಗುವಂತೆ ಫೈನಲಿ ಒಳಗೆ ಇಟ್ಟಿದ್ದೇನೆ. ಎರಡನೆಯದು, ಲೆಕ್ಕ ನಡೆಯುತ್ತಿರುವಾಗ ಹೊಸ ಬಿಲ್ ಸೇರಿದರೆ ಪಟ್ಟಿ ಉದ್ದವಾಗುತ್ತದೆ. ಶುರುವಿನಲ್ಲೇ ಪಟ್ಟಿಯ ನಕಲು ತೆಗೆದು ಅದರ ಮೇಲೆ ಓಡಿಸಿದೆ.

ಅತ್ತೆ ಲೆಕ್ಕ ಹಚ್ಚಿ ಬೇರೆ ಟ್ಯಾಬಿನಲ್ಲಿ ಹಾಡು ಹಾಕಲು ಹೋದರೆ ಏನಾಗುತ್ತದೆ ಅಂತಲೂ ನೋಡಿದೆ. ಮರೆಯಾದ ಟ್ಯಾಬಿನಲ್ಲಿ ಟೈಮರ್ ಸೆಕೆಂಡಿಗೊಮ್ಮೆ ಮಾತ್ರ, ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್ ಓಡುವುದೇ ಇಲ್ಲ. ಎಂಬತ್ತು ತುಂಡಿನ ಲೆಕ್ಕಕ್ಕೆ ಒಂದೂಕಾಲು ನಿಮಿಷಕ್ಕೂ ಹೆಚ್ಚು. ಇದನ್ನು ತಿದ್ದಲಿಲ್ಲ. ಲೆಕ್ಕ ಮುಗಿಯುವವರೆಗೆ ಅಲ್ಲೇ ಇರಿ ಅಂತ ‘ಸ್ವಲ್ಪ ತಾಳಿ’ಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಬಿಲ್ ಉಳಿಸುವ ಕೋಡು ಮಾತ್ರ ಟೈಮರ್, ಫ್ರೇಮ್ ಯಾವುದರ ಮೇಲೂ ನಿಂತಿಲ್ಲ ಅನ್ನುವುದನ್ನು ಮತ್ತೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೆ. ಅದು ಹ್ಯಾಂಡ್ಲರ್ ಒಳಗೇ ನಡೆಯಬೇಕು, ಅಲ್ಲೇ ಇದೆ.

ಉಳಿದದ್ದು

ಶುರು ಮಾಡಿದಾಗ ಕಡತದಲ್ಲಿ ಅಲ್ಲಲ್ಲಿ ಚೆಲ್ಲಿದ್ದ ಸೊನ್ನೆ ಟೈಮರ್‌ಗಳಲ್ಲಿ ಈಗ ಹಂತ 4ರವು ಬಿಟ್ಟು ಒಂದೇ ಉಳಿದಿದೆ. ತೂಕದ ಖಾನೆ ಖಾಲಿ ಬಿಟ್ಟು ಹೋದರೆ ಎಚ್ಚರಿಸುವ ಕೋಡಿನಲ್ಲಿ, ಗಮನ ಯಾವ ಖಾನೆಗೆ ಹೋಯಿತು ಅಂತ, ಖಾನೆ ಬಿಟ್ಟಾಗ ಬರುವ ಬ್ಲರ್ ಈವೆಂಟಿನಲ್ಲಿ ನೋಡುತ್ತೇನೆ. ಆ ಹೊತ್ತಿಗೆ ಆಕ್ಟಿವ್‌ಎಲಿಮೆಂಟ್ (ಈಗ ಗಮನ ಇರುವ ಭಾಗ) ಬರೀ ಬಾಡಿ, ಅಂದರೆ ಇಡೀ ಪುಟ, ಅನ್ನುತ್ತದೆ, ಅದಕ್ಕೇ ಹಿಂದೆ ಯಾವಾಗಲೋ ಟೈಮರ್ ಹಾಕಿದ್ದೆ. ಈವೆಂಟಿನ ರಿಲೇಟೆಡ್‌ಟಾರ್ಗೆಟ್‌ನಲ್ಲೇ ಮುಂದಿನ ಖಾನೆ ಸಿಗುತ್ತದೆ, ಟೈಮರ್ ಬೇಕಿಲ್ಲ. ಲ್ಯಾಪ್‌ಟಾಪಿನಲ್ಲಿ ಬದಲಾಯಿಸಿ ನೋಡಿದ್ದೇನೆ, ಸರಿ ಇದೆ. ಪುಟದ ಖಾಲಿ ಜಾಗ ಒತ್ತಿದರೆ ಅದು ನಲ್ ಕೊಡುತ್ತದೆ, ಆಗ ಎಚ್ಚರಿಸಬೇಕೋ ಬಿಡಬೇಕೋ ಅಂತ ಅತ್ತೆಯನ್ನು ಕೇಳಬೇಕು. ಅಲ್ಲಿಯವರೆಗೆ ಹಳೆಯ ಟೈಮರ್ ಹಾಗೇ ಇರಲಿ.